ರಿವರ್ಸ್ ಟೈಲರ್ ಬಸ್ಸು ಕಳಿಸಿದ ದಿನ

ಊರಿನ ರಸ್ತೆ ಮುಗಿಯುವುದೇ ಟೈಲರ್ ಅಂಗಡಿಯ ಮುಂದೆ. ಆಚೆಗೆ ಬರೀ ಹೊಲ. ಬಂದ ಬಸ್ಸು ಮತ್ತೆ ಪೇಟೆಯ ಕಡೆ ಮುಖ ಮಾಡಬೇಕಾದರೆ ಮೋರಿಗೂ ಗೋಡೆಗೂ ನಡುವೆ ಹಿಂದಕ್ಕೆ ಬಂದು ತಿರುಗಬೇಕು. ಡ್ರೈವರುಗಳು ಬದಲಾದರೂ ಹಿಂದೆ ನಿಂತು ದಾರಿ ತೋರಿಸುವ ಕೆಲಸ ಮಾತ್ರ ಟೈಲರನದೇ. ಹೊಲಿಗೆಯನ್ನು ಅರ್ಧಕ್ಕೆ ಬಿಟ್ಟು, ತುಟಿಯಲ್ಲಿದ್ದ ಗುಂಡುಸೂಜಿಯನ್ನು ಕಾಲರಿಗೆ ಸಿಕ್ಕಿಸಿಕೊಂಡು, ಕೊರಳಲ್ಲಿ ಟೇಪು ತೂಗಾಡಿಸುತ್ತ ಓಡಿಬರುವನು. “ಬರ್ಲಿ, ಬರ್ಲಿ” ಎನ್ನುತ್ತ ಬಸ್ಸಿನ ಬೆನ್ನು ತಟ್ಟುವನು. ಯಾರೂ ಹೇಳಿದ ಕೆಲಸವಲ್ಲ, ಅವನಾಗಿ ಮೈಮೇಲೆ ಎಳೆದುಕೊಂಡ ಉಸಾಬರಿ. ಊರಿನವರು ಅವನಿಗೆ ರಿವರ್ಸ್ ಟೈಲರ್ ಎಂದು ಹೆಸರಿಟ್ಟರು. ಅವನ ಒಬ್ಬಳೇ ಮಗಳು ಆ ಬಸ್ಸಿನಲ್ಲೇ ಪೇಟೆಯ ಕಾಲೇಜಿಗೆ ಹೋಗುತ್ತಿದ್ದಳು. ಟೀಚರ್ ಆಗಬೇಕೆಂಬುದು ಅವಳ ಹಟ. ಆ ಹಟದ ಬಗ್ಗೆ ಅಪ್ಪ ಬಟ್ಟೆ ಕೊಡಲು ಬಂದವರಿಗೆಲ್ಲ ಹೇಳಿಕೊಂಡು ಬೀಗುತ್ತಿದ್ದ.

ಒಂದು ಸಂಜೆ ಕಂಡಕ್ಟರ್ ಸುದ್ದಿ ತಂದ. ಬಸ್ ಆಫೀಸಿನಿಂದ ಎಣಿಸಲು ಬರುತ್ತಾರಂತೆ, ಜನ ಕಡಿಮೆ ಕಂಡರೆ ಬಸ್ಸು ನಿಲ್ಲಿಸುತ್ತಾರಂತೆ. ಮೊದಲೇ ಒಂದು ಮೂಲೆಯಲ್ಲಿ ಕೂಗಿದರೆ ಇನ್ನೊಂದು ಮೂಲೆಗೆ ಕೇಳುವಷ್ಟು ಸಣ್ಣ ಊರು. ಟೈಲರ್ ಟೊಂಕ ಕಟ್ಟಿ ನಿಂತ. ಮನೆಮನೆಗೆ ಹೋಗಿ, ಅವತ್ತು ಒಬ್ಬರೂ ಊರು ಬಿಟ್ಟು ಕದಲಕೂಡದು, ಬೀಗ ಹಾಕಿದ ಬಾಗಿಲು ಕಂಡರೆ ಕೆಲಸ ಕೆಟ್ಟಿತು ಎಂದು ತಾಕೀತು ಮಾಡಿದ. ಊರಿನಿಂದ ಮದುವೆ ಮಾಡಿ ಕಳಿಸಿದ ಹೆಣ್ಣುಮಕ್ಕಳನ್ನೂ ಕೂಸುಗಳ ಸಮೇತ ಹಿಂದಿನ ದಿನವೇ ಕರೆಸಿದ. ಬುದ್ಧಿವಂತಿಕೆಗೆ ಬೀಗ ಹಾಕಿದ್ದು ಮಾತ್ರ ಯಾರಿಗೂ ತಿಳಿಯಲಿಲ್ಲ.

ಮಗಳಿಗೆ ತಿಳಿಯಿತು. ಬೆಳಿಗ್ಗೆ ಬ್ಯಾಗು ಹೆಗಲಿಗೇರಿಸಿ ಹೊರಟವಳು ಅಂಗಡಿಯ ಮುಂದೆ ನಿಂತಳು.

“ಅಪ್ಪ, ಅವ್ರು ಎಣಿಸೋದು ಬಸ್ ಹತ್ತೋರನ್ನ ಅಲ್ವಾ?”

“ನಿನ್ನ ಕಾಲೇಜಿನ ಬುದ್ಧಿ ಕಾಲೇಜಲ್ಲೇ ಇರ್ಲಿ. ಒಂದಿನ ಹೋಗ್ದಿದ್ರೆ ಏನೂ ಮುಳುಗೋಗಲ್ಲ, ಬಾ ಇಲ್ಲಿ.”

ಅವಳು ಬ್ಯಾಗು ಇಳಿಸಿದಳು.

ಬಸ್ಸಿನಿಂದ ಇಳಿದ ಆಫೀಸಿನ ಹೆಂಗಸು ಬೆರಗಾದಳು. ಇಡೀ ಊರು ಒಗೆದ ಬಟ್ಟೆ ತೊಟ್ಟು ರಸ್ತೆಯ ಎರಡೂ ಬದಿಗೆ ನಿಂತಿತ್ತು. ಅವಳು ಟೀ ಕುಡಿದಳು, ಕೂಸುಗಳ ಕೆನ್ನೆ ಹಿಂಡಿದಳು, ಇಂಥ ಒಳ್ಳೆಯ ಜನರನ್ನು ಕಂಡೇ ಇಲ್ಲ ಎಂದಳು. ಆಮೇಲೆ ಬಸ್ಸು ಹತ್ತಿ ಮುಂದಿನ ಸೀಟಿನಲ್ಲಿ ಕೂತು ಹಿಂತಿರುಗಿ ನೋಡಿದಳು. ಒಂದು ನರಪಿಳ್ಳೆಯೂ ಹತ್ತಲಿಲ್ಲ. ಟೈಲರ್ ಎಂದಿಲ್ಲದ ಗತ್ತಿನಲ್ಲಿ ಬಸ್ಸನ್ನು ತಿರುಗಿಸಿ, ಬೆನ್ನು ತಟ್ಟಿ, “ರೈಟ್” ಎಂದು ಕಳಿಸಿಕೊಟ್ಟ. ಖಾಲಿ ಬಸ್ಸಿಗೆ ಊರೆಲ್ಲ ಕೈಬೀಸಿತು.

ಸ್ವಲ್ಪ ದಿನಕ್ಕೇ ಬಸ್ಸು ನಿಂತಿತು. ಮಗಳು ದೊಡ್ಡ ರಸ್ತೆಯವರೆಗೆ ನಡೆದು ನೋಡಿದಳು. ಬೆಳಕಿಲ್ಲದಾಗ ಹೊರಟು ಕತ್ತಲಾದ ಮೇಲೆ ಮನೆ ಸೇರುವುದು, ಪರೀಕ್ಷೆಯ ಹೊತ್ತಿಗೆ ಜ್ವರ ಹಿಡಿದು ಮಲಗುವುದು. ಕೊನೆಗೆ ಒಂದು ದಿನ ಯಾರಿಗೂ ಹೇಳದೆ ಪುಸ್ತಕಗಳನ್ನು ಅಟ್ಟಕ್ಕೆ ಹಾಕಿ, ಅಂಗಡಿಯ ಇನ್ನೊಂದು ಮೆಷಿನ್ನಿನ ಮುಂದೆ ಕೂತಳು. ಈಗ ಅವಳ ಹೊಲಿಗೆ ಅಪ್ಪನದಕ್ಕಿಂತ ನೀಟು ಎಂದು ಗಿರಾಕಿಗಳು ಮೆಚ್ಚುತ್ತಾರೆ. ಆ ಮೆಚ್ಚುಗೆ ಕೇಳಿದಾಗಲೆಲ್ಲ ಅವನು ಕತ್ತರಿ ಹುಡುಕುವ ನೆಪದಲ್ಲಿ ಎದ್ದು ಒಳಗೆ ಹೋಗುತ್ತಾನೆ.

ಮೊನ್ನೆ ದಾರಿ ತಪ್ಪಿದ ವ್ಯಾನೊಂದು ಬಂದು ಮೋರಿಯ ಪಕ್ಕ ಸಿಕ್ಕಿಕೊಂಡು ಹಾರನ್ ಹೊಡೆಯಿತು. ಟೈಲರ್ ತಲೆ ಎತ್ತಲಿಲ್ಲ. ಬಸ್ಸು ನಿಂತ ಮೇಲೆ ಯಾವ ಗಾಡಿಗೂ ಅವನು ಎದ್ದದ್ದಿಲ್ಲ. ಮಗಳೇ ಎದ್ದಳು. ಕೊರಳಲ್ಲಿ ಟೇಪು, ಕಾಲರಿನಲ್ಲಿ ಗುಂಡುಸೂಜಿ. “ಬರ್ಲಿ, ಬರ್ಲಿ” ಎಂದು ವ್ಯಾನಿನ ಬೆನ್ನು ತಟ್ಟಿ, ಕಳಿಸಿ, ಬಂದು ಕೂತಳು. ಅವನಿಗೆ ತಡೆಯಲಾಗಲಿಲ್ಲ. ಅಂದು ನಿನ್ನ ಮಾತು ಕೇಳಬೇಕಿತ್ತು ಮಗಳೇ ಎಂದು ಕೊನೆಗೂ ಬಾಯಿಬಿಟ್ಟ.

ಮಗಳು ದಾರ ಪೋಣಿಸುತ್ತಿದ್ದಳು.

“ನಂದೇ ತಪ್ಪು ಅಪ್ಪ. ನೀನು ಏನೇ ಅಂದ್ರೂ ನಾನು ಅವತ್ತು ಹತ್ತಬೇಕಿತ್ತು. ನಾಲ್ಕು ಜನರ ಮುಂದೆ ನಿನ್ನ ಮಾತು ಮೀರೋದು ಬೇಡ ಅಂತ ಕೂತುಬಿಟ್ಟೆ.”

ಅವಳು ಮೆಷಿನ್ ತುಳಿಯತೊಡಗಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.