ಹೊರಗೇಟಿನ ದಣಪೆ

ಸಾಹೇಬರ ಕಾಗದದಲ್ಲಿ ಅದು ‘ರಸ್ತೆಗೆ ಹಾಕಿದ ಅನಧಿಕೃತ ಅಡ್ಡಿ’. ನಮ್ಮ ಕಡೆ ಅದಕ್ಕೆ ದಣಪೆ ಎನ್ನುತ್ತಾರೆ. ದಾರಿಯ ಎರಡು ಬದಿಗೆ ಗೂಟ, ಅಡ್ಡಕ್ಕೆ ಮೂರು ಬಿದಿರ ಗಳ. ಸರಿಸಿದರೆ ದಾರಿ, ಹಾಕಿದರೆ ಬೇಲಿ. ದಾಟಿದವರೇ ತಿರುಗಿ ಹಾಕಬೇಕು. ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಉಮ್ಮಚಗಿಯ ನಮ್ಮ ಮನೆಯೆದುರೂ ಒಂದಿದೆ, ಬಿಳಗಿ ಕಡೆಯ ಅಣ್ಣನ ಮನೆಯೆದುರೂ ಒಂದಿದೆ.

ಅಣ್ಣ ಎಂದರೆ ಒಡಹುಟ್ಟಿದವರಲ್ಲ. ಘಟ್ಟದ ಕೆಳಗಿನ ಅಣು ವಿದ್ಯುತ್ ಸ್ಥಾವರದ ಹೊರಗೇಟಿನಲ್ಲಿ ನನ್ನ ಜತೆ ಆರು ವರ್ಷ ಕಾವಲು ನಿಂತವರು. ನಾವಿಬ್ಬರೂ ಏಜೆನ್ಸಿಯೊಂದರ ಗುತ್ತಿಗೆಯ ಗಾರ್ಡುಗಳು. ಅವರು ವಾಹನ ನೋಡುತ್ತಿದ್ದರು, ನಾನು ಹೆಂಗಸರ ಚೀಲ ನೋಡುತ್ತಿದ್ದೆ. ಕೆಲಸದ ಮೊದಲ ದಿನವೇ ನಮಗೆ ಹೇಳಿಕೊಟ್ಟ ಮಾತು ಒಂದೇ: ಪಾಸಿಲ್ಲದೆ ಯಾರನ್ನೂ ಒಳಗೆ ಬಿಡಬಾರದು, ಯಾರನ್ನೂ ಎಂದರೆ ಯಾರನ್ನೂ.

ಆ ಆಷಾಢದ ಗಾಳಿಮಳೆಯನ್ನು ನಾನು ಮರೆಯಲಾರೆ. ಬೆಳಗಿನ ಪಾಳಿಗೆ ನಾವು ನಿಂತು ಎರಡು ತಾಸಾಗಿರಲಿಲ್ಲ, ಕರೆಂಟು ಹೋಯಿತು. ಕ್ಯಾಮರಾ ಕುರುಡಾಯಿತು, ವಾಕಿಟಾಕಿ ಗೊರಗೊರ ಎಂದು ಸುಮ್ಮನಾಯಿತು, ಮೊಬೈಲಿಗೆ ಮೊದಲೇ ಸಿಗ್ನಲ್ ಇರಲಿಲ್ಲ. ಅಷ್ಟರಲ್ಲಿ ಮತ್ತಿಮರದ ದೊಡ್ಡ ಕೊಂಬೆಯೊಂದು ಮುರಿದು ಗೇಟಿನ ತಡೆಗಂಬದ ಮೇಲೆ ಬಿತ್ತು. ಗುಂಡಿ ಒತ್ತಿದರೆ ಏಳುತ್ತಿದ್ದ, ಇಳಿಯುತ್ತಿದ್ದ ಆ ಕಂಬ ಬುಡಸಮೇತ ಕಿತ್ತು ಗಟಾರಕ್ಕೆ ಹೋಯಿತು. ದಾರಿ ಬಟ್ಟಂಬಯಲು. ಯಾವ ಗಾಡಿ ಬಂದರೂ ಸೀದಾ ನುಗ್ಗಬಹುದು. ನಾನು ಓಡಿಹೋಗಿ ದಾರಿಯ ನಡುವೆ ಕೈ ಚಾಚಿ ನಿಂತೆ.

“ಎಂತಕ್ಕೆ ಹೆದರ್ತೀಯೆ ತಂಗಿ? ಗೇಟ್ ಹೋದ್ರೆ ದಣಪೆ ಹಾಕನ,” ಎಂದರು ಅಣ್ಣ.

ಹುಲ್ಲು ಸವರುವ ಕತ್ತಿ ತಂದು ಬೇಲಿಯ ಬದಿಯ ಬಿದಿರ ಹಿಂಡಿಲಿನಿಂದ ಮೂರು ಗಳ ಕಡಿದರು. ಬಿದ್ದ ಕೊಂಬೆಯ ಕವಲುಗಳನ್ನೇ ಗೂಟ ಮಾಡಿ ಹೊಡೆದರು. ಗಳದ ಇನ್ನೊಂದು ತುದಿ ಹಿಡಿದವಳು ನಾನು. ಏಜೆನ್ಸಿ ಕೊಟ್ಟ ರೇನ್‌ಕೋಟು ಬಗಲಲ್ಲಿ ಹರಿದಿತ್ತು. ನೀರು ಒಳಗೇ ಇಳಿಯುತ್ತಿತ್ತು. ಘಟ್ಟದಲ್ಲಿ ಗುಡ್ಡ ಜರಿದದ್ದರಿಂದ ಮುಂದಿನ ಪಾಳಿಯವರು ಬರಲಿಲ್ಲ. ಮರುದಿನ ಬೆಳಗಾಗುವವರೆಗೆ ಒಬ್ಬರು ಕೂತರೆ ಒಬ್ಬರು ನಿಂತೆವು. ಡಬ್ಬಿಯ ಅನ್ನ ಹಂಚಿಕೊಂಡೆವು. ಒಂದು ನರಪಿಳ್ಳೆಯೂ ತಪಾಸಣೆಯಿಲ್ಲದೆ ಒಳಗೆ ಹೋಗಲಿಲ್ಲ.

ಬೆಳಿಗ್ಗೆ ಮಣ್ಣು ಸರಿಸಿದ ಮೇಲೆ ಬಂದ ಮೊದಲ ಜೀಪು ನಮ್ಮ ಏಜೆನ್ಸಿಯ ಸಾಹೇಬರದ್ದೇ. ಅಣ್ಣ ದಣಪೆಯ ಹಿಂದೆ ನಿಂತು ಪಾಸು ಕೇಳಿದರು. ಸಾಹೇಬರು ಅವಸರದಲ್ಲಿ ಪಾಸು ಮನೆಯಲ್ಲೇ ಬಿಟ್ಟು ಬಂದಿದ್ದರು.

“ನಾ ಯಾರಂತ ಗೊತ್ತೈತಿಲ್ಲೋ ನಿನಗ? ತಗೀರಿ ಆ ಕಟಗಿ!”

“ಗೊತ್ತುಂಟು ಸಾಹೇಬ್ರೆ. ಪಾಸಿಲ್ದೆ ಬಿಡೂದಿಲ್ಲ ಹೇಳಿ ನೀವೇ ಹೇಳಿದ್ದು,” ಎಂದರು ಅಣ್ಣ.

ನಾನು ಒಳಗೇಟಿಗೆ ನಡೆದು ಹೋಗಿ ಬರೆಸಿದ ಚೀಟಿ ತರುವವರೆಗೆ ಸಾಹೇಬರು ಅಲ್ಲೇ ಇದ್ದರು. ಚೀಟಿ ಕಂಡೊಡನೆ ಅಣ್ಣ ಗಳ ಸರಿಸಿ ಸೆಲ್ಯೂಟ್ ಹೊಡೆದರು. ಅವರು ಅಲ್ಲಿಗೆ ಮುಗಿಯಿತೆಂದುಕೊಂಡರು, ಪಾಪ.

ವಾರದೊಳಗೆ ಶಿರಸಿಯ ಕಚೇರಿಗೆ ಇಬ್ಬರನ್ನೂ ಕರೆಸಿದರು. ಕಿತ್ತುಹೋದ ಕಂಬದ ಮಾತಿಲ್ಲ, ಕೆಟ್ಟ ವಾಕಿಟಾಕಿಯ ಮಾತಿಲ್ಲ, ಹರಿದ ಕೋಟಿನ ಮಾತಿಲ್ಲ. ಬಿದಿರು ಕಡಿಯಲು ಯಾರು ಅಪ್ಪಣೆ ಕೊಟ್ಟರು? ರಸ್ತೆಗೆ ಅಡ್ಡ ಹಾಕಿದ್ದು ಯಾರು? ನನ್ನೆದುರು ಇಂಗ್ಲಿಷಿನಲ್ಲಿ ಟೈಪು ಮಾಡಿದ ಹೇಳಿಕೆ ಇಟ್ಟರು. ಅಣ್ಣನ ಹೆಸರು ಬರೆದು ‘ಅವರೊಬ್ಬರೇ ಹಾಕಿದರು’ ಎಂದಿತ್ತು. ‘ನಾನೂ ಹಿಡಿದೆ’ ಎಂದು ಸೇರಿಸಿ ಎನ್ನಬೇಕಿತ್ತು. ಅವರು ಚಾಚಿದ ಪೆನ್ನು ಹಿಡಿದೆ. ಸಹಿ ಹಾಕಿದೆ. ಅಣ್ಣನ ಗೇಟ್‌ಪಾಸು ರದ್ದಾಯಿತು. ಪಾಸಿಲ್ಲದ ಗಾರ್ಡಿಗೆ ಕೆಲಸವೆಲ್ಲಿ?

ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದವರ ಗಾದೆ ಕೇಳಿದ್ದೆ. ಕೋಟೆ ಕಾದವನನ್ನೇ ಹೊರಗೆ ದಬ್ಬಿ ಬಾಗಿಲು ಹಾಕಿದವರನ್ನು ಕಂಡದ್ದು ಅಂದೇ. ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ನನ್ನ ಮೇಲೆ ಇನ್ನೂ ಹೆಚ್ಚು.

ತಿಂಗಳು ಕಳೆದು ಸಮವಸ್ತ್ರ, ಬೆಲ್ಟು ಹಿಂತಿರುಗಿಸಲು ಅಣ್ಣ ಬಂದರು. ಹೊಸ ತಡೆಗಂಬ ಆಗಲೂ ಬಂದಿರಲಿಲ್ಲ. ದಣಪೆ ಅಲ್ಲೇ ಇತ್ತು. ಅದೇ ಅನಧಿಕೃತ ಅಡ್ಡಿಗೆ ಯಾರೋ ಹಳದಿ, ಕಪ್ಪು ಪಟ್ಟೆಯ ಬಣ್ಣ ಬಳಿಸಿದ್ದರು! ಜೀಪುಗಳು ದಾಟುತ್ತಿದ್ದವು, ಒಬ್ಬನೂ ಇಳಿದು ಗಳ ಹಾಕುತ್ತಿರಲಿಲ್ಲ. ತಿರುಗಿ ಹಾಕುವುದೂ ನನ್ನ ಪಾಲಿಗೆ.

ನಾನು ಚೀಟಿ ಕೇಳದೆಯೇ ಗಳಕ್ಕೆ ಕೈ ಹಾಕಿದೆ. ಅಣ್ಣ ತಡೆದರು.

“ಮೊದ್ಲು ಚೀಟಿ ತರ್ಸು ತಂಗಿ. ಚೀಟಿ ಇಲ್ದೆ ಯಾರನ್ನೂ ಬಿಡ್ಬಾರ್ದು.”

ಒಳಗೇಟಿನಿಂದ ಚೀಟಿ ಬಂದ ಮೇಲೆ ಅವರ ಹೆಸರನ್ನು ಭೇಟಿಗಾರರ ಪುಸ್ತಕದಲ್ಲಿ ಬರೆದೆ. ಒಳಗೆ ಹೋದವರು ಬಟ್ಟೆಯ ಗಂಟು ಕೊಟ್ಟು ಬರಿಗೈಯಲ್ಲಿ ಬಂದರು. ಗಳ ಸರಿಸಿ ದಾಟಿದರು. ಆಮೇಲೆ ಹೊರಗೆ ನಿಂತು, ಮೂರೂ ಗಳಗಳನ್ನು ಒಂದೊಂದಾಗಿ ತಿರುಗಿ ಹಾಕಿದರು. ನಾನು ಒಳಗಿದ್ದೆ.