ಬೂದಿಗೆರೆಯ ಸಂತೆ

ಬಿಸಿ ಬೂದಿಯ ಮೇಲೆ ನೀರು ಬಿದ್ದಾಗ ಏಳುವ ಆ ಒಗರು ವಾಸನೆ ಎಲ್ಲೇ ಮೂಗಿಗೆ ತಾಕಲಿ, ನಾನು ತಮಿಳುನಾಡಿನ ಕಂಬಂ ಕಣಿವೆಯ ನಮ್ಮ ಹಳೆಯ ಮನೆಯ ಹಿತ್ತಲಲ್ಲಿರುತ್ತೇನೆ. ಒಲೆಯ ಬೂದಿಯನ್ನು ಅವ್ವ, ಅಂದರೆ ನನ್ನ ಅಜ್ಜಿ, ಜರಡಿ ಹಿಡಿದು ಬುಟ್ಟಿ ತುಂಬಿಡುತ್ತಿದ್ದಳು. ಪಾತ್ರೆ ತಿಕ್ಕಲು ಅದರಲ್ಲಿ ಅರ್ಧ, ಗೆರೆ ಎಳೆಯಲು ಅರ್ಧ. ನೂರಾರು ವರ್ಷದ ಹಿಂದೆ ಕನ್ನಡ ನಾಡಿನಿಂದ ಬಂದು ಇಲ್ಲಿ ನೆಲ ಉತ್ತವರು ನಾವು. ನಮ್ಮಲ್ಲಿ ಕೊಟ್ಟಿಗೆಯಾಗಲಿ ಕೋಣೆಯಾಗಲಿ, ಕಟ್ಟುವ ಮೊದಲು ನೆಲದ ಮೇಲೆ ಬೂದಿಗೆರೆ ಎಳೆದು ಮೂರು ದಿನ ಅದರೊಳಗೆ ಓಡಾಡುವುದು ರೂಢಿ. ಇನ್ನೂ ಇಲ್ಲದ ಬಾಗಿಲಲ್ಲಿ ಎತ್ತುಗಳನ್ನು ನುಗ್ಗಿಸಿ, ಇಲ್ಲದ ಒಲೆಯ ಮುಂದೆ ಹೆಂಗಸರು ಕುಕ್ಕರಗಾಲಲ್ಲಿ ಕೂತು ನೋಡಿ, ಎದ್ದು, ನಕ್ಕು, ಗೆರೆ ಅಳಿಸಿ ಮತ್ತೆ ಎಳೆಯುತ್ತಿದ್ದರು. ಮಕ್ಕಳಾದ ನಮಗೆ ಅದಕ್ಕಿಂತ ದೊಡ್ಡ ಆಟವಿರಲಿಲ್ಲ.

ಅರವತ್ತರ ದಶಕದ ಒಂದು ಬೇಸಿಗೆಯಲ್ಲಿ ನಮ್ಮೂರಿಗೆ ಸುತ್ತುಗೋಡೆಯ ಹೊಸ ಸಂತೆಕಟ್ಟೆ ಮಂಜೂರಾಯಿತು. ಜಾಗ ನಮ್ಮ ಮನೆಯೆದುರಿನ ಬಯಲೇ. ಚಿಕ್ಕತಾತ ಪಂಚಾಯಿತಿ ಮೆಂಬರು; ಹಾಗಾಗಿ ದಿಂಡಿಗಲ್ ಕಡೆಯಿಂದ ಬಂದ ಓವರ್‌ಸೀಯರ್ ತಮ್ಮ ನೀಲಿ ನಕ್ಷೆಯನ್ನು ನಮ್ಮ ಜಗಲಿಯ ಮೇಲೇ ಬಿಚ್ಚಿದರು. ಗೋಡೆ ಎದ್ದ ಮೇಲೆ ಹೊರಗೆ ಕೂತು ಯಾರೂ ಏನನ್ನೂ ಮಾರುವಂತಿಲ್ಲ ಎಂದರು. ಮಜ್ಜಿಗೆ ಕೊಡಲು ಬಂದ ಅವ್ವ ಅಲ್ಲೇ ನಿಂತಳು. ತಮಿಳನ್ನೂ ಮನೆಮಾತನ್ನೂ ಕಲಸಿ ಕೇಳಿಯೇಬಿಟ್ಟಳು.

“ಎತ್ತಿಗೆ ಕಾಗದ ಓದಾಕೆ ಬರಾಕಿಲ್ಲ ಸಾರೇ. ಗೂಡಲೂರಿಂದ ಬರೋ ಗಾಡಿ ಎಲ್ಲಿ ತಿರುಗ್ತದೆ? ನೆಲದ ಮ್ಯಾಲೆ ಗೀಚಿ ತೋರ್ಸ್ರಿ.”

ಓವರ್‌ಸೀಯರ್ ನಕ್ಕರು. ಚಿಕ್ಕತಾತ ನಗಲಿಲ್ಲ. “ಅತ್ತಿಗೆ ಹೇಳೋದು ಸರಿತಾನ್. ಒಂದು ದಿವಸ ಪಾಪ್ಪಂ ಸಾರ್,” ಎಂದರು. ಒಂದು ದಿನ ನೋಡಿಯೇಬಿಡೋಣ ಎಂದು ಓವರ್‌ಸೀಯರೂ ಒಪ್ಪಿದರು.

ಮರುವಾರದ ಸಂತೆಯ ದಿನ ಬೆಳಗ್ಗೆ ಕೇರಿಯ ಬೂದಿಯೆಲ್ಲ ಬಯಲಿಗೆ ಬಂತು. ನಕ್ಷೆ ನೋಡಿ ಓವರ್‌ಸೀಯರ್ ಹೇಳುತ್ತಾ ಹೋದರು, ಅವ್ವ ಬಗ್ಗಿ ಗೆರೆ ಎಳೆಯುತ್ತಾ ಹೋದಳು. ಆಮೇಲೆ ಶುರುವಾಯಿತು ನೋಡಿ ಜಾತ್ರೆ! ಮಾರ್ಕಯನ್‌ಕೋಟ್ಟೈಯ ಬಾಳೆಗೊನೆ ಗಾಡಿ ನಕ್ಷೆಯ ಅಳತೆಯ ಬಾಗಿಲಲ್ಲಿ ಗೆರೆ ತುಳಿಯದೆ ತಿರುಗಲಾಗದೆ ಸಿಕ್ಕಿಬಿದ್ದು, ಎತ್ತುಗಳು ಹಿಂದಕ್ಕೂ ಹೋಗದೆ ಮುಂದಕ್ಕೂ ಬಾರದೆ ನಿಂತವು. ತಲೆಹೊರೆಯ ಹೆಂಗಸರು ಎದುರುಬದುರಾಗಿ ಡಿಕ್ಕಿ ಹೊಡೆದು ಬೈದಾಡಿಕೊಂಡರು. ಅವ್ವ ಕಾಲಲ್ಲಿ ಗೆರೆ ಒರೆಸಿ ಬಾಗಿಲು ಅಗಲ ಮಾಡಿದಳು, ಗಾಡಿ ತಿರುಗಲು ಜಾಗ ಬಿಟ್ಟಳು, ಮೊಗಸಾಲೆಯಷ್ಟು ಉದ್ದ ನೆರಳು ಬೀಳುವ ಬೇವಿನ ಮರವನ್ನು ಒಳಗೆ ಸೇರಿಸಿದಳು. ಓವರ್‌ಸೀಯರ್ ಪೆನ್ಸಿಲ್ ಹಿಡಿದು ಅವಳ ಹಿಂದೆ ಹಿಂದೆಯೇ ನಡೆದರು. ನನಗೋ ಹೆಮ್ಮೆ ತಡೆಯಲಾಗುತ್ತಿರಲಿಲ್ಲ.

ಆಗ ಕಾಲುವೆಯ ಕಡೆಯಿಂದ ಒಂದು ದನಿ ಬಂತು: “ಎಂಗ ಎಡಂ ಎಂಗೆ, ತಾಯಿ?”

ನಮ್ಮ ಜಾಗ ಎಲ್ಲಿ ಎಂದು ಕೇಳಿದವಳು ಕರುಪ್ಪಾಯಿ. ಕಾಲುವೆಯಾಚೆ, ಊರು ಮುಟ್ಟದೆ ದೂರವಿಟ್ಟ ಜನರ ಕಾಲೊನಿಯವಳು. ಬಯಲಿನ ಅಂಚಿನ ಚರಂಡಿಯ ಪಕ್ಕ, ಬಿಸಿಲಲ್ಲಿ, ಸೊಪ್ಪಿನ ಕಂತೆಗಳನ್ನು ಒದ್ದೆ ಗೋಣಿಯಲ್ಲಿ ಮುಚ್ಚಿಟ್ಟು ಮಾರುತ್ತಿದ್ದಳು. ಅವಳ ಹಿಂದೆ ಇನ್ನೂ ಏಳೆಂಟು ಹೆಂಗಸರು ನಿಂತಿದ್ದರು. ಎಲ್ಲರೂ ಗೆರೆಯ ಹೊರಗೆ. ಗೋಡೆ ಎದ್ದರೆ ಅವರ ಸಂತೆ ಅಂದಿಗೇ ಮುಗಿಯಿತು.

ಅವ್ವ ಬುಟ್ಟಿ ಕೆಳಗಿಟ್ಟು ತಾನೆಳೆದ ಗೆರೆಯನ್ನು ನೋಡಿದಳು. ಕಣದಲ್ಲಿ ರಾಶಿ ಮಾಡಿದಾಗ ಸುತ್ತ ಬೂದಿಗೆರೆ ಎಳೆಯುವವಳೂ ಅವಳೇ. ಬೆವರು ಸುರಿಸಿ ಕಾಳು ಬಡಿದ ಕಾಲೊನಿಯ ಜನ ತಮ್ಮ ಪಾಲು ಬರುವ ತನಕ ಆ ಗೆರೆಯಾಚೆ ನಿಲ್ಲಬೇಕು. ಎತ್ತಿಗೂ ಮರಕ್ಕೂ ಜಾಗ ಹುಡುಕಿದ ಕೈ, ಹಾಗೆ ಎಳೆದೆಳೆದ ಅಭ್ಯಾಸದಲ್ಲಿ, ಇವರನ್ನು ಮಾತ್ರ ತನಗೇ ತಿಳಿಯದಂತೆ ಹೊರಗೆ ಬಿಟ್ಟಿತ್ತು. ನನಗೂ ಅದು ಕಂಡಿರಲಿಲ್ಲ. ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

“ತಪ್ಪು ನನ್ದುತಾನ್ ಕರುಪ್ಪಾಯಿ,” ಎಂದಳು ಅವ್ವ, ಊರೆಲ್ಲ ಕೇಳುವ ಹಾಗೆ. “ಕೈಗೆ ಪಳಕ್ಕ ಆಗಿಹೋಗ್ಯದೆ. ಬಾ, ಬುಟ್ಟಿ ಹಿಡಿ. ನೀನೇ ಗೀಚು.”

ಗಂಡಸರಲ್ಲಿ ಗುಸುಗುಸು ಎದ್ದಿತು. ಇಬ್ಬರು ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟೇಹೋದರು. ಅವ್ವ ಅತ್ತ ತಿರುಗಿಯೂ ನೋಡಲಿಲ್ಲ. ಕರುಪ್ಪಾಯಿ ಸೀರೆಗೆ ಕೈ ಒರೆಸಿಕೊಂಡು ಗೆರೆ ದಾಟಿದಳು. ಬುಟ್ಟಿಗೆ ಕೈ ಹಾಕಿದಳು. ಕಾಲುವೆಯ ಕಡೆಗೆ ಇನ್ನೊಂದು ಬಾಗಿಲು, ಅಲ್ಲಿಂದ ನೇರ ಬೇವಿನ ನೆರಳಿಗೆ ಒಂದು ದಾರಿ, ನೆರಳಿನಲ್ಲಿ ಸೊಪ್ಪಿನವರ ಸಾಲು. ಬಾಗಿಲ ಹತ್ತಿರ ಅವಳ ಕೈ ನಡುಗಿ ಗೆರೆ ಸೊಟ್ಟಗಾಯಿತು. ಅಳಿಸಲು ಬಗ್ಗಿದಳು. ಓವರ್‌ಸೀಯರ್ ಬೇಡವೆಂದು ತಡೆದು, ಸೊಟ್ಟಗಿದ್ದ ಹಾಗೇ ಟೇಪು ಹಿಡಿದು ಅಳೆದುಕೊಂಡರು.

ಸಂತೆಕಟ್ಟೆ ಎದ್ದಿತು, ಎರಡು ಬಾಗಿಲಿನದು! ಮೊದಲ ಸಂತೆಯ ದಿನ ಕರುಪ್ಪಾಯಿ ಬೇವಿನ ಬುಡದಲ್ಲಿ ರಾಣಿಯಂತೆ ಕೂತಿದ್ದಳು. ಯಾವಾಗಲೂ ಸೊಪ್ಪನ್ನು ನೆಲದ ಮೇಲೆ ಇಡಿಸಿ ಎತ್ತಿಕೊಳ್ಳುತ್ತಿದ್ದ ಅವ್ವ ಅವತ್ತು ಕೈ ಚಾಚಿ ಅವಳ ಕೈಯಿಂದಲೇ ಕಂತೆ ಇಸಿದುಕೊಂಡಳು. ಬಯಲಿನಲ್ಲಿ ಕೇಕೆ ಎದ್ದಿತು. ನಾನಂತೂ ಗಂಟಲು ಕಟ್ಟುವ ತನಕ ಕೂಗಿದೆ.

ಈಗ ಆ ಮನೆಯಿಲ್ಲ, ಒಲೆಯಿಲ್ಲ, ಬೂದಿಯಿಲ್ಲ. ಅವ್ವನೂ ಇಲ್ಲ, ಕರುಪ್ಪಾಯಿಯೂ ಇಲ್ಲ. ನಮ್ಮ ಜಗಲಿ ಇದ್ದಲ್ಲಿ ಲಾರಿಗಳು ನಿಲ್ಲುತ್ತವೆ. ಸಂತೆ ಮಾತ್ರ ನಡೆಯುತ್ತಿದೆ, ಕಾಲುವೆ ಬಾಗಿಲಿನಲ್ಲೇ ಹೆಚ್ಚು ಜನ. ಊರಿಗೆ ಹೋದಾಗಲೆಲ್ಲ ಆ ಬಾಗಿಲಿಂದಲೇ ಒಳಗೆ ಹೋಗುತ್ತೇನೆ. ಅದರ ಪಕ್ಕ ಗೋಡೆ ಒಂದು ಮಾರಿನಷ್ಟು ಸೊಟ್ಟಗಿದೆ. ಕಟ್ಟಿದವನಿಗೆ ಕಣ್ಣು ಕಾಣುತ್ತಿರಲಿಲ್ಲವೇನೋ ಎಂದು ಹೊಸಬರು ನಗುತ್ತಾರೆ. ನಾನು ಆ ಸೊಟ್ಟಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಕರುಪ್ಪಾಯಿಯ ಕೈ ನಡುಗಿದ್ದು ಇಲ್ಲೇ.