ಎಲಿಸಬೇತಳ ಬಾಣಂತನ

2022ರ ಜುಲೈ ತಿಂಗಳ ಒಂದು ಗುರುವಾರ ನನ್ನ ಅಕ್ಕ ಗರ್ಭ ತೆಗೆಸಿಕೊಳ್ಳಲು ಎಚ್.ಡಿ. ಕೋಟೆ ಕಡೆಯ ಆಸ್ಪತ್ರೆಯೊಂದಕ್ಕೆ ಹೋದಳು. ಅವಳಿಗೆ ನಲವತ್ತೆರಡು ವರ್ಷ, ಎರಡೂವರೆ ತಿಂಗಳ ಬಸುರಿ. ಮದುವೆಯಾದ ಅವಳ ಮಗಳೂ ಐದು ತಿಂಗಳ ಬಸುರಿ. ಚೊಚ್ಚಲ ಹೆರಿಗೆಗೆ ಮಿರ್ಲೆಯ ತವರಿಗೇ ಬರಬೇಕು.

ಕೆ.ಆರ್. ನಗರದಲ್ಲಾದರೆ ಗುರುತಿನವರು ಸಿಕ್ಕಾರೆಂದು ಭಾವ ಅಷ್ಟು ದೂರದ ಆಸ್ಪತ್ರೆ ಆರಿಸಿದ್ದರು. ಕಾರು ಓಡಿಸಿದವನು ನಾನು. ಆ ಆಸ್ಪತ್ರೆಯನ್ನು ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಾರೆಂದು, ಇಪ್ಪತ್ತು ವರ್ಷ ವರದಿಗಾರನಾಗಿದ್ದ ನಾನೂ ಸೇರಿ, ಯಾರೂ ವಿಚಾರಿಸಿರಲಿಲ್ಲ.

ಅಲ್ಲಿದ್ದ ಕೇರಳದ ಸಿಸ್ಟರ್ ಎಲ್ಲ ಕೇಳಿಸಿಕೊಂಡು, ಅಕ್ಕ ಎನ್ನುವುದನ್ನು ತಮ್ಮ ಮಲಯಾಳದಲ್ಲೇ ಹೇಳಿ ಕರೆದರು. "ಚೇಚಿ, ಇಲ್ಲಿ ಅದು ಮಾಡುವುದಿಲ್ಲ. ಮೈಸೂರಲ್ಲಿ ಮಾಡ್ತಾರೆ, ಕಾನೂನು ಬಿಡ್ತದೆ. ನಮ್ಮ ಚರ್ಚು ಬಿಡುವುದಿಲ್ಲ."

"ಬೇಡ ಅಂತ ಬೈಬಲ್ಲಿನಲ್ಲಿ ಬರೆದಿದೆಯಾ?" ಎಂದೆ.

"ನೇರವಾಗಿ ಆ ಮಾತು ಇಲ್ಲ. ಗರ್ಭದಲ್ಲಿ ರೂಪಿಸುವ ಮೊದಲೇ ಒಬ್ಬ ಪ್ರವಾದಿಯನ್ನು ದೇವರು ಅರಿತಿದ್ದರು ಅಂತ ಇದೆ. ಅದರಿಂದ ನಾವು ಹೀಗೆ ತಿಳಿಯುತ್ತೇವೆ. ಬೇರೆ ಥರ ತಿಳಿಯುವ ಕ್ರೈಸ್ತರೂ ಇದ್ದಾರೆ."

"ಪ್ರವಾದಿ ವಿಷ್ಯ ಬುಡಿ ಸಿಸ್ಟರಮ್ಮ," ಎಂದಳು ಅಕ್ಕ. "ನನ್ನಂಗೆ ವಯಸ್ಸಾದ್ಮೇಲೆ ಬಸ್ರಿ ಆದೋಳು ಅದ್ರಲ್ಲಿ ಯಾರಾರ ಅವ್ಳಾ?"

ಸಿಸ್ಟರ್ ಎಲಿಸಬೇತಳ ಕಥೆ ಹೇಳಿದರು. ಮುಪ್ಪಿನಲ್ಲಿ ಗರ್ಭ ನಿಂತವಳು. ಅದೇ ಸಮಯಕ್ಕೆ ತಾನೂ ಬಸುರಿಯಾದ ಎಳೆಯ ನೆಂಟಳು ಮರಿಯ ಬಂದು ಮೂರು ತಿಂಗಳು ಜೊತೆಗಿದ್ದಳು.

"ಬಾಣಂತನ ಅವ್ಳೇ ಮಾಡುದ್ಲಾ?"

ಸಿಸ್ಟರ್ ಪುಟ ತಿರುವಿ ನೋಡಿದರು. "ಇಲ್ಲ. ಹೆರಿಗೆಗೆ ಮೊದಲೇ ಮನೆಗೆ ಹೋದ ಹಾಗೆ ಇದೆ."

"ನೋಡ್ಲಾ! ಕೆಲ್ಸದ ಟೈಮಿಗೆ ಸರ್ಯಾಗಿ ಎದ್ದೋಗವ್ಳೆ. ಗಂಡ ಏನ್ ಮಾಡ್ತಿದ್ದ?"

"ದೇವದೂತನನ್ನು ನಂಬಲಿಲ್ಲ ಅಂತ ಮಗು ಹುಟ್ಟಿ ಹೆಸರಿಡುವ ತನಕ ಅವನ ಮಾತು ನಿಂತಿತ್ತು."

ಅಕ್ಕ ಹೊರಗೆ ಬೆಂಚಿನಲ್ಲಿದ್ದ ಭಾವನ ಕಡೆ ನೋಡಿದಳು. "ಅದೊಂದು ಚೆನ್ನಾಗದೆ."

ವಾಪಸು ಬರುವಾಗ ಹುಣಸೂರು ದಾಟಿದರೂ ಭಾವನ ಮಾತು ನಿಂತಿರಲಿಲ್ಲ. "ತಾಯಿ ಮಗ್ಳು ಒಟ್ಗೆ ಬಸ್ರಿ ಅಂದ್ರೆ ಜನ ಏನಂದಾರು? ಮೈಸೂರ್ಗೆ ಯಾವತ್ತು ಓಗನ?"

"ಜನ ಏನಾರ ಅನ್ಲಿ ಕಣ್ರೀ," ಎಂದಳು ಅಕ್ಕ. "ಅವ್ಳ ಬಾಣಂತನ ನಾನ್ ಮಾಡ್ತೀನಿ. ನಂದು ಯಾರ್ ಮಾಡ್ತಾರೆ? ನೀವ್ ಮಾಡೋದಾದ್ರೆ ಮಗು ಇರ್ಲಿ. ಇಲ್ಲಾಂದ್ರೆ ನಾಳೇನೆ ಮೈಸೂರು."

ಕಟ್ಟೆಮಳಲವಾಡಿ ಹತ್ತಿರ ಭಾವ ಕಾರು ನಿಲ್ಲಿಸಲು ಹೇಳಿ, ಇಳಿದು ಎಳನೀರು ಕುಡಿದು ಬಂದರು.

"ಬಾಣಂತಿ ಖಾರಕ್ಕೆ ಮೆಣ್ಸು ಎಷ್ಟು ಆಕ್ತಾರೆ?" ಎಂದು ಕೇಳಿದರು.

ನವೆಂಬರಿನಲ್ಲಿ ಮಗಳಿಗೆ ಗಂಡು ಮಗುವಾಯಿತು, ಫೆಬ್ರವರಿಯಲ್ಲಿ ಅಕ್ಕನಿಗೆ ಹೆಣ್ಣು. ಕಳೆದ ತಿಂಗಳು ಪಕ್ಕದ ಬೀದಿಯ ಬಾಣಂತಿಯ ಅತ್ತೆ ಬಾಣಂತಿ ಖಾರದ ಅಳತೆ ಕೇಳಲು ಬಂದಿದ್ದರು. ಭಾವನೇ ಹೇಳಿಕೊಟ್ಟರು.